ದುಡಿಮೆ ರೈತರದು, ಬಿಡುವು ಧಣಿಗಳದು: ಒಂದು ಹಳೇ ಪುಸ್ತಕದ ಹನ್ನೆರಡು ಪುಟ

(ಓದುಗರ ಕೂಟವೊಂದರಲ್ಲಿ ಪರದೆಯ ಮೇಲೆ ಚಿತ್ರಗಳನ್ನು ತೋರಿಸುತ್ತ ಮಾಡಿದ ಉಪನ್ಯಾಸ ಇದು. ಮಾತಿನ ಧಾಟಿಯನ್ನು ಹಾಗೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಇವತ್ತು ನಾನು ಮಾತಾಡುವ ಪುಸ್ತಕವನ್ನು ಯಾವ ಅಂಗಡಿಯಲ್ಲೂ ಕೊಳ್ಳಲು ಆಗುವುದಿಲ್ಲ. ಪ್ರಪಂಚದಲ್ಲಿ ಅದರ ಪ್ರತಿ ಇರುವುದು ಒಂದೇ. ಅಚ್ಚುಯಂತ್ರ ಯೂರೋಪಿಗೆ ಬರುವ ಮೊದಲೇ ಶುರುವಾದ ಪುಸ್ತಕ ಅದು. ಪೂರ್ತಿ ಕೈಬರಹ, ಕೈಚಿತ್ರ. ಪ್ಯಾರಿಸಿನ ಉತ್ತರಕ್ಕೆ ಶಾಂತಿಯಿ ಅಂತ ಒಂದು ಊರಿದೆ. ಅಲ್ಲಿನ ಕೋಟೆಮನೆಯಲ್ಲಿರುವ ಕೊಂದೆ ಮ್ಯೂಸಿಯಂ ಅದನ್ನು ಕಾಪಾಡಿಕೊಂಡು ಬಂದಿದೆ. ಪುಸ್ತಕದ ಹೆಸರು 'ತ್ರೆ ರಿಶ್ ಅರ್'. 'ಬಲು ಶ್ರೀಮಂತ ಪ್ರಾರ್ಥನಾ ಪುಸ್ತಕ' ಅಂದುಕೊಳ್ಳಿ. ಒಟ್ಟು 206 ಹಾಳೆ. ಒಂದೊಂದು ಹಾಳೆ 29 ಸೆಂಟಿಮೀಟರ್ ಉದ್ದ, 21 ಸೆಂಟಿಮೀಟರ್ ಅಗಲ. ಅಂದರೆ ನಮ್ಮ ಎ4 ಹಾಳೆಗಿಂತ ಒಂದು ಚೂರು ಚಿಕ್ಕದು. ಈ ಅಳತೆಯನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ಇಲ್ಲಿ ಪರದೆಯ ಮೇಲೆ ಗೋಡೆಯಷ್ಟು ದೊಡ್ಡದಾಗಿ ಕಾಣುವ ಹೊಲ, ಕೋಟೆ, ಎತ್ತು, ಕಾಗೆ ಎಲ್ಲವನ್ನೂ ಅಷ್ಟು ಜಾಗದಲ್ಲಿ ಬರೆದಿದ್ದಾರೆ.

206 ಹಾಳೆಯ ಬಗ್ಗೆಯೂ ಮಾತಾಡಲು ಸಮಯವಿಲ್ಲ. ಮುಂದಿನ ಹನ್ನೆರಡು ಚಿತ್ರಗಳು ಸಾಕು. ತಿಂಗಳಿಗೊಂದು ಚಿತ್ರ. ಹಳ್ಳಿಗಾಡಿನ ವರ್ಷ ಹೇಗೆ ಉರುಳುತ್ತದೆ, ಯಾವ ತಿಂಗಳು ಯಾವ ಕೆಲಸ, ಯಾವ ತಿಂಗಳು ಯಾವ ಮೋಜು ಅಂತ ತೋರಿಸುವ ಪುಟಗಳು. ನೋಡುವಾಗ ಒಂದು ಪ್ರಶ್ನೆ ಇಟ್ಟುಕೊಳ್ಳಿ: ಈ ಪುಟದಲ್ಲಿ ಯಾರು ದುಡಿಯುತ್ತಿದ್ದಾರೆ, ಯಾರಿಗೆ ಬಿಡುವಿದೆ? ನನಗೆ ಇವತ್ತು ಹೇಳಲಿಕ್ಕಿರುವುದು ಹೆಚ್ಚುಕಡಿಮೆ ಇಷ್ಟೇ.

ಮೊದಲು, ಪ್ರಾರ್ಥನಾ ಪುಸ್ತಕದಲ್ಲಿ ಹೊಲಗದ್ದೆಗೆ ಏನು ಕೆಲಸ? ಆ ಕಾಲದ ಯೂರೋಪಿನ ಸಿರಿವಂತರು ಹಗಲು ರಾತ್ರಿಯ ಗೊತ್ತಾದ ಹೊತ್ತುಗಳಲ್ಲಿ ಹೇಳಿಕೊಳ್ಳುವ ಪ್ರಾರ್ಥನೆಗಳನ್ನು ಪುಸ್ತಕ ಮಾಡಿಸಿ ಇಟ್ಟುಕೊಳ್ಳುತ್ತಿದ್ದರು. ಅದರ ಮೊದಲಿಗೆ ಒಂದು ಕ್ಯಾಲೆಂಡರ್ ಇರುತ್ತಿತ್ತು. ನಮ್ಮ ಪಂಚಾಂಗದ ಹಾಗೆಯೇ ಅದರ ಕೆಲಸ. ಯಾವ ದಿನ ಯಾವ ಸಂತರ ಹಬ್ಬ, ಅಮಾವಾಸ್ಯೆ ಯಾವಾಗ, ಸೂರ್ಯ ಯಾವ ರಾಶಿಯಲ್ಲಿ, ಹಗಲು ಎಷ್ಟು ಗಂಟೆ ಎಷ್ಟು ನಿಮಿಷ ಅಂತೆಲ್ಲ ಅದರಲ್ಲಿ ನೋಡಿಕೊಳ್ಳಬಹುದು. ತಿಂಗಳಿನ ಕೆಲಸವನ್ನು ಚಿತ್ರ ಮಾಡಿ ಪಕ್ಕಕ್ಕೆ ಸೇರಿಸುವುದು ಹಳೇ ಪದ್ಧತಿ. ಆದರೆ ಸಾಮಾನ್ಯವಾಗಿ ಅದು ಮೂಲೆಯಲ್ಲಿ ಅಂಗೈಯಷ್ಟು ಚಿತ್ರ. ಈ ಪುಸ್ತಕದವರು ಅದಕ್ಕೆ ಇಡೀ ಪುಟ ಬಿಟ್ಟುಕೊಟ್ಟರು. ಪ್ರತಿ ಪುಟದ ತಲೆಯ ಮೇಲೆ ನೀಲಿ ಕಮಾನು ನೋಡಿ. ಅದರ ನಡುವೆ ಸೂರ್ಯ ರಥದಲ್ಲಿ ಹೋಗುತ್ತಿದ್ದಾನೆ. ಸುತ್ತ ಆ ತಿಂಗಳ ಎರಡು ರಾಶಿಗಳು. ಆ ನೀಲಿ ಅಫ್ಘಾನಿಸ್ತಾನದ ಗಣಿಗಳಿಂದ ಬರುತ್ತಿದ್ದ ಲಾಪಿಸ್ ಲಾಜುಲಿ ಕಲ್ಲನ್ನು ಅರೆದು ಮಾಡಿದ ಬಣ್ಣ. ಬರೆದದ್ದು ಕಾಗದದ ಮೇಲಲ್ಲ, ಹದ ಮಾಡಿದ ಕರುವಿನ ಚರ್ಮದ ಮೇಲೆ. ಬಡವರ ಮನೆಯ ಪುಸ್ತಕ ಅಲ್ಲ ಅನ್ನುವುದು ಗೊತ್ತಾಯಿತಲ್ವಾ.

ಮಾಡಿಸಿದವನು ಫ್ರಾನ್ಸಿನ ಬೆರಿ ಪ್ರಾಂತದ ಡ್ಯೂಕ್, ಹೆಸರು ಜಾಂ. 1340ರಲ್ಲಿ ಹುಟ್ಟಿದವನು. ರಾಜನ ಮಗ, ಇನ್ನೊಬ್ಬ ರಾಜನ ತಮ್ಮ, ಮತ್ತೊಬ್ಬ ರಾಜನ ಚಿಕ್ಕಪ್ಪ. ತಾನು ಮಾತ್ರ ರಾಜನಾಗಲಿಲ್ಲ. ಕೋಟೆ ಕಟ್ಟಿಸುವುದು, ರತ್ನ ಕೂಡಿಸುವುದು, ಪುಸ್ತಕ ಮಾಡಿಸುವುದು ಇವನ ಹುಚ್ಚು. ಇದೇ ಬಗೆಯ ಪ್ರಾರ್ಥನಾ ಪುಸ್ತಕಗಳೇ ಅವನ ಹತ್ತಿರ 15 ಇದ್ದವು. ಅಷ್ಟು ಪ್ರಾರ್ಥನೆ ಯಾರೂ ಮಾಡುವುದಿಲ್ಲ ಬಿಡಿ.

ಬರೆದವರು ಮೂವರು ಅಣ್ಣತಮ್ಮಂದಿರು: ಪಾಲ್, ಹರ್ಮನ್, ಯೋಹಾನ್. ಲಿಂಬರ್ಗ್ ಸಹೋದರರು ಅಂತಲೇ ಪ್ರಸಿದ್ಧರು. ಈಗಿನ ನೆದರ್ಲೆಂಡ್ಸಿನ ನೈಮೇಗನ್ ಊರಿನವರು. ಅಪ್ಪ ಮರ ಕೆತ್ತುವವನು. ಸೋದರಮಾವ ಬರ್ಗಂಡಿಯ ಡ್ಯೂಕನ ಆಸ್ಥಾನ ಚಿತ್ರಕಾರ. ಹುಡುಗರಾಗಿದ್ದಾಗ ಇಬ್ಬರನ್ನು ಪ್ಯಾರಿಸಿನಲ್ಲಿ ಅಕ್ಕಸಾಲಿಗನ ಹತ್ತಿರ ಕೆಲಸಕ್ಕೆ ಬಿಟ್ಟಿದ್ದರು. ಅಕ್ಕಸಾಲಿಗನ ಅಂಗಡಿಯಲ್ಲಿ ಪಳಗಿದ ಕಣ್ಣು ಮತ್ತು ಬೆರಳು ಅನ್ನುವುದು ಈ ಪುಟಗಳಲ್ಲಿ ಎದ್ದು ಕಾಣುತ್ತದೆ. 1399ರಲ್ಲಿ ಪ್ಯಾರಿಸಿಗೆ ಪ್ಲೇಗ್ ಬಂತು. ಊರಿಗೆ ಹೊರಟ ಹುಡುಗರನ್ನು ಬ್ರಸೆಲ್ಸಿನಲ್ಲಿ ಹಿಡಿದು ಜೈಲಿಗೆ ಹಾಕಿದರು. ಇವರ ಸೀಮೆಗೂ ಆ ಸೀಮೆಗೂ ಆಗ ಯುದ್ಧ. ಕೊನೆಗೆ ಬರ್ಗಂಡಿಯ ಡ್ಯೂಕನೇ ದುಡ್ಡು ಕೊಟ್ಟು ಬಿಡಿಸಿಕೊಂಡ. ಅವನು 1404ರಲ್ಲಿ ಸತ್ತ ಮೇಲೆ ಇವರು ಅವನ ಅಣ್ಣನಾದ ನಮ್ಮ ಬೆರಿಯ ಡ್ಯೂಕನ ಹತ್ತಿರ ಬಂದರು.

ಈ ಧಣಿಗೂ ಚಿತ್ರಕಾರರಿಗೂ ಸಲಿಗೆ ಇತ್ತು. 1411ರ ಹೊಸ ವರ್ಷಕ್ಕೆ ಸಹೋದರರು ಡ್ಯೂಕನಿಗೆ ಒಂದು ದಪ್ಪ ಪುಸ್ತಕ ಉಡುಗೊರೆ ಕೊಟ್ಟರು. ಬಿಳಿ ಮಖಮಲ್ಲಿನ ಹೊದಿಕೆ, ಬೆಳ್ಳಿಯ ಕೊಕ್ಕೆ. ಬಿಚ್ಚಲು ಹೋದರೆ ಬಿಚ್ಚುವುದಿಲ್ಲ. ಅದು ಬರೀ ಮರದ ತುಂಡು! ಪುಸ್ತಕದ ಹಾಗೆ ಬಣ್ಣ ಹೊಡೆದಿದ್ದರು. 15 ಪ್ರಾರ್ಥನಾ ಪುಸ್ತಕ ಇಟ್ಟುಕೊಂಡವನಿಗೆ ಇದಕ್ಕಿಂತ ಒಳ್ಳೆ ತಮಾಷೆ ಯಾರು ಮಾಡಿಯಾರು? ಡ್ಯೂಕ್ ಅದನ್ನು ಎಸೆಯಲಿಲ್ಲ. ತನ್ನ ಆಸ್ತಿ ಪಟ್ಟಿಯಲ್ಲಿ ಬರೆಸಿಟ್ಟುಕೊಂಡ. ಹಾಗಾಗಿಯೇ ನಮಗೆ ಈ ಕತೆ ಗೊತ್ತು.

ಸರಿ, ಪುಟಗಳಿಗೆ ಬರೋಣ.

ಜನವರಿ. ಇಲ್ಲಿ ಹಳ್ಳಿಯೇ ಇಲ್ಲ. ಡ್ಯೂಕನ ಊಟದ ಮನೆ. ಬಲಗಡೆ ನೀಲಿ ನಿಲುವಂಗಿ, ತುಪ್ಪಟದ ಟೋಪಿ ಹಾಕಿ ಕೂತವನೇ ನಮ್ಮ ಡ್ಯೂಕ್. ಬೆನ್ನ ಹಿಂದೆ ಬೆಂಕಿ ಉರಿಯುತ್ತಿದೆ. ಝಳ ತಾಕದಿರಲಿ ಅಂತ ದುಂಡಗಿನ ತಟ್ಟಿ ಅಡ್ಡ ಇಟ್ಟಿದ್ದಾರೆ. ಅಂದರೆ ಇವನ ತೊಂದರೆ ಚಳಿ ಅಲ್ಲ, ಸೆಕೆ ಜಾಸ್ತಿಯಾಗುವುದು. ಮೇಜಿನ ಮೇಲೆ ಎರಡು ಪುಟ್ಟ ನಾಯಿಗಳು ಓಡಾಡುತ್ತಿವೆ, ಯಾರೂ ಗದರುತ್ತಿಲ್ಲ. ಉಡುಗೊರೆ ತಂದವರಿಗೆ ಅಧಿಕಾರಿಯೊಬ್ಬ 'ಬನ್ನಿ, ಹತ್ತಿರ ಬನ್ನಿ' ಅನ್ನುತ್ತಿದ್ದಾನೆ. ಆ ಮಾತನ್ನು ಅವನ ತಲೆಯ ಮೇಲೆ ಅಕ್ಷರದಲ್ಲೇ ಬರೆದಿದ್ದಾರೆ.

ಈಗ ಫೆಬ್ರವರಿ. ಈ ಪುಟದಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ. ನನಗೆ ಹನ್ನೆರಡರಲ್ಲೂ ಇದೇ ಇಷ್ಟ.

ಎಲ್ಲಾ ಕಡೆ ಹಿಮ. ಯೂರೋಪಿನ ಚಿತ್ರಕಲೆಯಲ್ಲಿ ಹಿಮ ಬಿದ್ದ ಬಯಲನ್ನು ಇಷ್ಟು ನಂಬುವ ಹಾಗೆ ಬರೆದ ಮೊದಮೊದಲ ಚಿತ್ರಗಳಲ್ಲಿ ಇದೂ ಒಂದು. ಎಡಕ್ಕೆ ಒಕ್ಕಲು ಮನೆ. ಒಳಗಿರುವುದು ನಮಗೆ ಕಾಣಲಿ ಅಂತ ಮುಂದಿನ ಗೋಡೆಯನ್ನೇ ತೆಗೆದುಬಿಟ್ಟಿದ್ದಾನೆ ಚಿತ್ರಕಾರ. ನೀಲಿ ಬಟ್ಟೆಯ ಹೆಂಗಸು ಲಂಗ ಸ್ವಲ್ಪ ಎತ್ತಿ ಕಾಲು ಕಾಯಿಸುತ್ತಿದ್ದಾಳೆ. ಅವಳ ಹಿಂದೆ ಇನ್ನೊಬ್ಬ ಹೆಂಗಸು, ಒಬ್ಬ ಗಂಡಸು. ಅವರು ಬಟ್ಟೆಯನ್ನು ಇನ್ನೂ ಜಾಸ್ತಿ ಎತ್ತಿದ್ದಾರೆ. ಒಳಗೆ ಏನೂ ಹಾಕಿಲ್ಲ ಅನ್ನುವುದು ನೇರವಾಗಿಯೇ ಕಾಣುತ್ತದೆ. ಪ್ರಾರ್ಥನಾ ಪುಸ್ತಕದಲ್ಲಿ! 1948ರಲ್ಲಿ ಅಮೆರಿಕದ ಲೈಫ್ ಪತ್ರಿಕೆ ಈ ಹನ್ನೆರಡು ಪುಟಗಳನ್ನು ಬಣ್ಣದಲ್ಲಿ ಅಚ್ಚು ಹಾಕಿದಾಗ ಅಷ್ಟನ್ನು ಮಾತ್ರ ಅಳಿಸಿ ಹಾಕಿತು. ಡ್ಯೂಕನಿಗೆ ಆಗದ ಮುಜುಗರ ಪತ್ರಿಕೆಯವರಿಗೆ ಆಯಿತು.

ಹೊರಗೆ ಬನ್ನಿ. ಕುರಿಗಳು ರೊಪ್ಪದಲ್ಲಿ ಒಂದಕ್ಕೊಂದು ಒತ್ತಿಕೊಂಡಿವೆ. ಬುಟ್ಟಿಯ ಜೇನುಗೂಡುಗಳ ಮೇಲೆ ಹಿಮ ಕೂತಿದೆ. ಹೊರೆ ಕಟ್ಟಿದ ಸೌದೆ ಇದೆ. ಕಾಗೆಗಳು ಚೆಲ್ಲಿದ ಹುಲ್ಲಿನಲ್ಲಿ ಕಾಳು ಹುಡುಕುತ್ತಿವೆ. ಒಬ್ಬರು ತಲೆಮೇಲೆ ಬಟ್ಟೆ ಹೊದ್ದು, ಬಾಯಿಯ ಹತ್ತಿರ ಕೈ ಹಿಡಿದು, ಉಸಿರಿನಿಂದ ಬಿಸಿ ಮಾಡಿಕೊಳ್ಳುತ್ತ ಮನೆ ಕಡೆ ಓಡುತ್ತಿದ್ದಾರೆ. ಇನ್ನೊಬ್ಬ ಮರ ಕಡಿಯುತ್ತಿದ್ದಾನೆ. ಮತ್ತೊಬ್ಬ ಕತ್ತೆಯ ಮೇಲೆ ಸೌದೆ ಹೇರಿಕೊಂಡು ದೂರದ ಊರಿನ ಕಡೆ ಹೊರಟಿದ್ದಾನೆ.

ಕೆಲವು ವಿದ್ವಾಂಸರ ಪ್ರಕಾರ ಇದು ಹಳ್ಳಿಯವರನ್ನು ಗೇಲಿ ಮಾಡುವ ಚಿತ್ರ. ಮಾನ ಮುಚ್ಚಿಕೊಳ್ಳಲೂ ಬಾರದ ಒರಟರು ಅಂತ ತೋರಿಸಿ ಡ್ಯೂಕನನ್ನು ನಗಿಸುವುದು ಉದ್ದೇಶ ಅನ್ನುತ್ತಾರೆ. ಇರಬಹುದು. ಜನವರಿಯ ಊಟದ ಮನೆ ನೋಡಿ ಪುಟ ತಿರುಗಿಸಿದವನಿಗೆ ಇದು ನಗೆ ತರಿಸಿದ್ದರೆ ಆಶ್ಚರ್ಯ ಇಲ್ಲ. ಆದರೆ ಗೇಲಿ ಮಾಡುವವನಿಗೆ ಒಲೆಯ ಮುಂದಿನ ಬೆಕ್ಕು ಯಾಕೆ ಬೇಕು? ಒಣಗಲು ಹಾಕಿದ ಬಟ್ಟೆ ಯಾಕೆ ಬೇಕು? ಕುರಿರೊಪ್ಪದ ಮಾಡು ಒಂದು ಕಡೆ ಕಿತ್ತುಹೋಗಿದೆ. ಅದನ್ನೂ ಬಿಟ್ಟಿಲ್ಲ. ಇದನ್ನು ಬರೆದವನು ಯಾವುದೋ ಚಳಿಗಾಲದಲ್ಲಿ ಅಂಥ ಮನೆಯ ಮುಂದೆ ನಿಂತು, ಚೆನ್ನಾಗಿ ನೋಡಿದ್ದಾನೆ. ಧಣಿ ನಗಲಿ ಅಂತ ಶುರು ಮಾಡಿದ್ದರೂ ಕೈ ತನ್ನ ಕೆಲಸ ತಾನು ಮಾಡಿದೆ. ನನ್ನ ಲೆಕ್ಕದಲ್ಲಿ ಒಕ್ಕಲು ಮಕ್ಕಳು ಸುಮ್ನೆ ಕೂತಿರುವ ಪುಟ ಇದೊಂದೇ. ಅದೂ ಮನಸ್ಸಿಗೆ ಬಂದು ಕೂತಿದ್ದಲ್ಲ, ಚಳಿ ಕೂರಿಸಿದ್ದು.

ಮಾರ್ಚ್. ಹಿಂದೆ ಲುಸಿನ್ಯಾನ್ ಕೋಟೆ. ಗೋಪುರದ ಮೇಲೆ ಹಾರುತ್ತಿರುವ ಚಿನ್ನದ ಬಣ್ಣದ ಪ್ರಾಣಿ ಹಕ್ಕಿಯಲ್ಲ, ಮೆಲ್ಯುಸಿನ್ ಎಂಬ ಯಕ್ಷಿಣಿ. ಆ ಕೋಟೆಯನ್ನು ಕಾಯುತ್ತಾಳೆ ಅಂತ ಅಲ್ಲಿನವರ ನಂಬಿಕೆ. ನನಗೆ ಮುಖ್ಯ ಅನ್ನಿಸುವುದು ಕೆಳಗಿನ ಮುದುಕ. ಬಿಳಿ ಗಡ್ಡ. ಎರಡು ಎತ್ತು, ಒಂದು ಕೆಂದು, ಒಂದು ಕಪ್ಪು. ಒಂದು ಕೈ ಮೇಳಿಯ ಮೇಲೆ, ಇನ್ನೊಂದರಲ್ಲಿ ಉದ್ದನೆ ಮುಳ್ಳುಗೋಲು. ನೇಗಿಲಿನ ಮುಂದೆ ಗಾಲಿ ಇದೆ, ನೋಡಿದಿರಾ? ಉತ್ತರ ಯೂರೋಪಿನ ಜಿಗುಟು, ಭಾರದ ಮಣ್ಣನ್ನು ಮಗುಚಲು ಬಳಸುತ್ತಿದ್ದ ಭಾರೀ ನೇಗಿಲು ಅದು. ಬದಿಯ ತೋಟದಲ್ಲಿ ಮೂವರು ದ್ರಾಕ್ಷಿಬಳ್ಳಿ ಸವರುತ್ತಿದ್ದಾರೆ. ಮೇಲ್ಗಡೆ ಕುರಿಗಾಹಿ, ಅವನ ನಾಯಿ. ಇಷ್ಟು ಜನರಲ್ಲಿ ಒಬ್ಬರೂ ತಲೆ ಎತ್ತಿ ಕೋಟೆಯ ಕಡೆ ನೋಡುತ್ತಿಲ್ಲ.

ಏಪ್ರಿಲ್, ಮೇ ಎರಡನ್ನೂ ಬೇಗ ದಾಟೋಣ. ಏಪ್ರಿಲಿನಲ್ಲಿ ದೊಡ್ಡ ಮನೆತನದ ಹುಡುಗ ಹುಡುಗಿ ಉಂಗುರ ಬದಲಾಯಿಸಿಕೊಳ್ಳುತ್ತಿದ್ದಾರೆ. ಪಕ್ಕದಲ್ಲಿ ಗೆಳತಿಯರು ಹೂ ಕೀಳುತ್ತಿದ್ದಾರೆ. ಮೇ ತಿಂಗಳಲ್ಲಿ ತಲೆಗೆ ಎಲೆಯ ಮಾಲೆ ಸುತ್ತಿಕೊಂಡು, ಕಹಳೆ ಊದಿಸಿಕೊಂಡು, ಕುದುರೆ ಸವಾರಿ. ಹೆಂಗಸರು ಹಸಿರು ಬಟ್ಟೆ ತೊಟ್ಟಿದ್ದಾರೆ. ಅದು ವಸಂತದ ಹಬ್ಬದ ಉಡುಗೆ. ಬಹಳ ಚಂದದ ಪುಟಗಳು. ಆದರೆ ಮುಖಗಳನ್ನು ಗಮನಿಸಿ. ಎಲ್ಲ ಒಂದೇ ಅಚ್ಚಿನವು. ಬಟ್ಟೆ ಮಾತ್ರ ಬೇರೆ ಬೇರೆ. ಉಳುವ ಮುದುಕನಿಗೆ ಕೊಟ್ಟ ಗಮನವನ್ನು ಚಿತ್ರಕಾರ ಈ ಮೆರವಣಿಗೆಗೆ ಕೊಟ್ಟಿಲ್ಲ ಅನ್ನುವುದು ನನ್ನ ಅಭಿಪ್ರಾಯ. ರೇಷ್ಮೆಗೆ ಕೊಟ್ಟಿದ್ದಾನೆ, ಅದು ಬೇರೆ ಮಾತು.

ಜೂನ್. ಪ್ಯಾರಿಸ್ ನಗರದ ಅರಮನೆಯ ಎದುರಿನ ಹುಲ್ಲುಗಾವಲು. ಹಿಂದೆ ಕಾಣುವ ಚೂಪು ಶಿಖರದ ಕಟ್ಟಡ ಸಾಂತ್ ಶಾಪೆಲ್. ಅದು ಈಗಲೂ ಇದೆ, ಹೋದವರು ನೋಡಿರುತ್ತೀರಿ. ಉದ್ದ ಹಿಡಿಯ ದೊಡ್ಡ ಕುಡುಗೋಲಿನಿಂದ ಮೂವರು ಗಂಡಸರು ಹುಲ್ಲು ಕೊಯ್ಯುತ್ತಿದ್ದಾರೆ. ಇಬ್ಬರು ಹೆಂಗಸರು ಬರಿಗಾಲಿನಲ್ಲಿ ಅದನ್ನು ಗೋರಿ ಗುಪ್ಪೆ ಮಾಡುತ್ತಿದ್ದಾರೆ. ಕೊಯ್ದ ಜಾಗದ ಹಸಿರು ಬೇರೆ, ಕೊಯ್ಯದ ಜಾಗದ ಹಸಿರು ಬೇರೆ. ಇನ್ನೊಂದು ವಿಷಯ. ಪ್ಯಾರಿಸಿನಲ್ಲಿ ಡ್ಯೂಕನಿಗೆ ಒಂದು ಮನೆ ಇತ್ತು. ಈ ನೋಟ ಆ ಮನೆಯ ಕಡೆಯಿಂದ ಕಂಡ ನೋಟ. ಇಡೀ ಪುಸ್ತಕದ ಗುಟ್ಟು ಇಲ್ಲಿದೆ ಅನ್ನಿಸುತ್ತದೆ. ಹಳ್ಳಿಯ ವರ್ಷವನ್ನು ಧಣಿಯ ಕಿಟಕಿಯಿಂದ ನೋಡುತ್ತಿದ್ದೇವೆ. ಹೊಲಕ್ಕಿಂತ ಕೋಟೆ ಯಾವಾಗಲೂ ಮೇಲೆ.

ಜುಲೈ. ಪ್ವಾತಿಯೆ ಊರಿನ ಮೂರು ಮೂಲೆಯ ಕೋಟೆ. ಎಡಗಡೆ ಗೋಧಿ ಕೊಯ್ಲು, ಇಬ್ಬರು, ಕುಡುಗೋಲು. ಪೈರಿನ ನಡುವೆ ಕೆಂಪು, ನೀಲಿ ಚುಕ್ಕಿಗಳಿವೆಯಲ್ಲ, ಅವು ಗೋಧಿ ಹೊಲದ ಕಳೆ ಹೂಗಳು. ಕಳೆಯನ್ನೂ ಬಿಡದೆ ಬರೆದಿದ್ದಾರೆ. ಬಲಗಡೆ ಗಂಡಸು ಹೆಂಗಸು ಇಬ್ಬರು ಕುರಿಯನ್ನು ತೊಡೆಯ ಮೇಲೆ ಹಾಕಿಕೊಂಡು ಕತ್ತರಿಯಿಂದ ಉಣ್ಣೆ ತೆಗೆಯುತ್ತಿದ್ದಾರೆ. ಉಣ್ಣೆ ಕಾಲ ಬುಡದಲ್ಲಿ ಗುಡ್ಡೆಯಾಗಿದೆ.

ಆಗಸ್ಟ್. ಈ ಪುಟದಲ್ಲಿ ಎರಡೂ ಪ್ರಪಂಚ ಒಟ್ಟಿಗೆ ಇವೆ. ಮುಂದೆ ಡೇಗೆ ಹಕ್ಕಿ ಕೈಮೇಲೆ ಕೂರಿಸಿಕೊಂಡು ಬೇಟೆಗೆ ಹೊರಟ ಸವಾರರು. ಹಿಂದಿನ ಹೊಲದಲ್ಲಿ ಕೊಯ್ಲು ಮುಗಿದಿದೆ. ಸಿವುಡು ಕಟ್ಟಿ ಗಾಡಿಗೆ ಹೇರುತ್ತಿದ್ದಾರೆ. ಅವರಿಗೂ ಇವರಿಗೂ ನಡುವೆ ಒಂದು ಹೊಳೆ. ಹೊಳೆಯಲ್ಲಿ ಕೆಲವರು ಬೆತ್ತಲಾಗಿ ಈಜುತ್ತಿದ್ದಾರೆ! ನೀರಿನೊಳಗಿನ ಮೈ ಮಸುಕಾಗಿ ಕಾಣುತ್ತದೆ. ಒಬ್ಬ ದಡ ಹತ್ತುತ್ತಿದ್ದಾನೆ. ಬಿಸಿಲಲ್ಲಿ ಕೊಯ್ಲು ಮಾಡಿದವರು ಮೈ ತಂಪು ಮಾಡಿಕೊಳ್ಳಲು ಬಿದ್ದಿದ್ದಾರೆ ಅಂತ ನಾನು ಓದಿಕೊಳ್ಳುತ್ತೇನೆ. ಸವಾರರ ಮೋಜಿಗೆ ಹಕ್ಕಿ ಬೇಕು, ನಾಯಿ ಬೇಕು, ಆಳು ಬೇಕು, ಕುದುರೆ ಬೇಕು. ಇವರದಕ್ಕೆ ಏನೂ ಬೇಡ. ಬಟ್ಟೆಯೂ ಬೇಡ.

ಹಿಂದಿನ ಕೋಟೆ ಎತಾಂಪ್. ಅದಕ್ಕೊಂದು ಕಹಿ ಕತೆ ಇದೆ. ಬೂರ್ಜ್ ಊರಿನ ಶ್ರೀಮಂತ ವ್ಯಾಪಾರಿಯ ಮಗಳು, ಎಂಟು ವರ್ಷದ ಹುಡುಗಿ. ಅವಳನ್ನು ತನ್ನ ಚಿತ್ರಕಾರನಿಗೆ ಮದುವೆ ಮಾಡಬೇಕು ಅಂತ ಡ್ಯೂಕ್ ಹಟ ಹಿಡಿದ. ತಾಯಿ ಒಪ್ಪಲಿಲ್ಲ. ಹುಡುಗಿಯನ್ನು ಎಳೆದು ತರಿಸಿ ಇದೇ ಕೋಟೆಯಲ್ಲಿ ಇರಿಸಿದ. ಆ ಚಿತ್ರಕಾರ ಪಾಲ್ ಲಿಂಬರ್ಗನೇ ಅಂತ ಇತಿಹಾಸಕಾರರು ಗುರುತಿಸುತ್ತಾರೆ. ಈ ಕತೆ ಗೊತ್ತಾದ ಮೇಲೆ ಆಗಸ್ಟ್ ಪುಟದ ಆ ಬೆಳ್ಳಗಿನ ಗೋಡೆಗಳನ್ನು ಮೊದಲಿನ ಹಾಗೆ ನೋಡಲು ಆಗುವುದಿಲ್ಲ.

ಸೆಪ್ಟೆಂಬರ್, ದ್ರಾಕ್ಷಿ ಕೊಯ್ಲು. ಮೇಲಿನ ಸೋಮ್ಯೂರ್ ಕೋಟೆಯನ್ನು ಬರೆದ ಕೈ ಬೇರೆ, ಕೆಳಗಿನ ತೋಟದ ಕೈ ಬೇರೆ. ಯಾಕೆ ಅಂತ ಆಮೇಲೆ ಹೇಳುತ್ತೇನೆ. ತುಂಬು ಬಸುರಿಯೊಬ್ಬಳು ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತ ನಿಂತಿದ್ದಾಳೆ. ಒಬ್ಬ ಬಗ್ಗಿದ್ದಾನೆ, ಅವನ ಚಡ್ಡಿ ಕಾಣುತ್ತಿದೆ. ಒಬ್ಬ ಬುಟ್ಟಿಗೆ ಹಾಕಬೇಕಾದ ಹಣ್ಣನ್ನು ಬಾಯಿಗೆ ಹಾಕಿಕೊಳ್ಳುತ್ತಿದ್ದಾನೆ. ಇವನನ್ನು ಗುರುತು ಹಾಕಿಕೊಳ್ಳಿ. ಒಕ್ಕಲು ಮಕ್ಕಳ ಬಿಡುವು ಈ ಪುಸ್ತಕದಲ್ಲಿ ಹೀಗೇ ಇರುವುದು. ಒಂದು ಮುಳುಗು, ಒಂದು ಗೊಂಚಲು. ಕದ್ದು ತೆಗೆದುಕೊಂಡ ನಿಮಿಷಗಳು.

ಅಕ್ಟೋಬರ್. ಕುಶಲತೆಯಲ್ಲಿ ಇದಕ್ಕೆ ಸಮ ಇನ್ನೊಂದಿಲ್ಲ. ಹಿಂದಿನ ಕೋಟೆ ಲೂವ್ರ್. ಈಗ ಮೋನಾಲಿಸಾ ನೋಡಲು ಸರದಿ ನಿಲ್ಲುತ್ತಾರಲ್ಲ, ಅದೇ ಜಾಗ, ಹಳೇ ರೂಪದಲ್ಲಿ. ಮುಂದೆ ಬಿತ್ತನೆ. ನೀಲಿ ಅಂಗಿಯವನು ಕಾಳು ಚೆಲ್ಲುತ್ತ ಬರುತ್ತಿದ್ದಾನೆ. ಬೀಜದ ಚೀಲ ನೆಲದ ಮೇಲಿದೆ. ಅವನ ಬೆನ್ನಿಗೇ ಕಾಗೆಗಳೂ ಅವುಗಳ ಜಾತಿಯ ಇನ್ನೊಂದು ಕಪ್ಪು ಬಿಳುಪು ಹಕ್ಕಿಯೂ ಬಿತ್ತಿದ್ದನ್ನು ಹೆಕ್ಕುತ್ತಿವೆ. ಎಡಕ್ಕೆ ಕೆಂಪು ಬಟ್ಟೆಯವನು ಕುದುರೆ ಏರಿ ಹಲುಬೆ ಎಳೆಸುತ್ತಿದ್ದಾನೆ. ಹಲುಬೆಯ ಮೇಲೆ ಒಂದು ಕಲ್ಲು. ಹಲುಬೆ ಹೊಡೆದವರಿಗೆ ಆ ಕಲ್ಲು ಯಾಕೆ ಅಂತ ನಾನು ಹೇಳಬೇಕಾಗಿಲ್ಲ. ಭಾರ ಇಲ್ಲದಿದ್ದರೆ ಹಲ್ಲು ಮಣ್ಣಿಗೆ ಇಳಿಯುವುದಿಲ್ಲ, ಬೀಜ ಮುಚ್ಚುವುದಿಲ್ಲ.

ಇನ್ನೂ ಹಿಂದೆ ಬಿತ್ತಿ ಮುಗಿದ ಹೊಲ. ಅದಕ್ಕೆ ಅಡ್ಡಡ್ಡ ದಾರ ಬಿಗಿದು, ಗರಿಯಂಥ ಚೂರುಗಳನ್ನು ಕಟ್ಟಿದ್ದಾರೆ. ನಡುವೆ ಒಬ್ಬ ಬೆರ್ಚಪ್ಪ, ಬಿಲ್ಲುಗಾರನ ವೇಷ. ಕೈಯಲ್ಲಿ ಬಿಲ್ಲು ಹಿಡಿದು ನಿಂತಿದ್ದಾನೆ. ಹಕ್ಕಿಗಳು ಅವನ ಹೊಲ ಬಿಟ್ಟು ಈ ಹೊಲಕ್ಕೆ ಬಂದಿವೆ. ಅಂದರೆ ಬೆರ್ಚಪ್ಪ ಕೆಲಸ ಮಾಡಿದ್ದಾನೆ, ಅಕ್ಕಪಕ್ಕದವರಿಗೆ ಮಾತ್ರ ಕಷ್ಟ. ನದಿ ದಡದಲ್ಲಿ ಹೆಂಗಸರು ಬಟ್ಟೆ ಒಗೆಯುತ್ತಿದ್ದಾರೆ. ಪೇಟೆಯವರು ಕೋಟೆಯ ಬುಡದಲ್ಲಿ ಅಡ್ಡಾಡುತ್ತಿದ್ದಾರೆ. ಈ ಪುಟದಲ್ಲಿ ಜನರಿಗೆ ನೆರಳಿದೆ. ಬಿತ್ತುವವನ ನೆರಳು ಮಣ್ಣಿನ ಮೇಲೆ, ದೋಣಿಯ ನೆರಳು ನೀರಿನಲ್ಲಿ. ಮೊದಲಿನ ಹೆಚ್ಚಿನ ಪುಟಗಳಲ್ಲಿ ಬೆಳಕು ಎಲ್ಲ ಕಡೆ ಒಂದೇ ಸಮ. ಇಲ್ಲಿ ಸೂರ್ಯ ಒಂದು ಕಡೆ ನಿಂತಿದ್ದಾನೆ.

ಇದು ಸಹೋದರರ ಕೈಯಲ್ಲ ಅಂತ ವಿದ್ವಾಂಸರು ಅನುಮಾನ ಪಡಲು ಅದೂ ಒಂದು ಕಾರಣ. ಏನಾಯಿತು ಅಂದರೆ, 1416ರ ಜೂನ್ 15ರಂದು ಡ್ಯೂಕ್ ತೀರಿಕೊಂಡ. ಅದೇ ವರ್ಷ ಮೂವರು ಸಹೋದರರೂ ಸತ್ತರು. ಮೂವತ್ತರ ಆಸುಪಾಸಿನ ವಯಸ್ಸು. ಧಣಿಯೂ ಹೋದ, ಚಿತ್ರಕಾರರೂ ಹೋದರು, ಪುಸ್ತಕ ಅರ್ಧಕ್ಕೆ ನಿಂತಿತು. ಡ್ಯೂಕನ ಆಸ್ತಿ ಪಟ್ಟಿ ಮಾಡಿದವರು ಒಂದು ಪೆಟ್ಟಿಗೆಯಲ್ಲಿ ಹೊಲಿಯದ ಹಾಳೆಗಳ ಕಟ್ಟುಗಳನ್ನು ಕಂಡು 'ಪಾಲ್ ಮತ್ತವನ ತಮ್ಮಂದಿರು ಮಾಡುತ್ತಿದ್ದ ಬಲು ಶ್ರೀಮಂತ ಪ್ರಾರ್ಥನಾ ಪುಸ್ತಕ' ಅಂತ ಬರೆದು, 500 ಲಿವ್ರ್ (ಆಗಿನ ಫ್ರಾನ್ಸಿನ ಹಣ) ಬೆಲೆ ಕಟ್ಟಿದರು. ಪುಸ್ತಕದ ಹೆಸರು ಬಂದಿದ್ದು ಆ ಗುಮಾಸ್ತನ ಸಾಲಿನಿಂದ. 1440ರ ದಶಕದಲ್ಲಿ ಇನ್ನೊಬ್ಬ ಚಿತ್ರಕಾರ ಕೆಲವು ಪುಟಗಳಿಗೆ ಕೈ ಹಾಕಿದ ಅನ್ನುವುದು ಈಗ ಬಹಳ ಜನ ಒಪ್ಪುವ ಮಾತು. ಅಕ್ಟೋಬರ್ ಪುಟದ ಪೇಟೆಯವರು ತೊಟ್ಟಿರುವ ಬಟ್ಟೆಯ ಮಾದರಿಯೂ ಆ ಕಾಲದ್ದೇ. ಆಮೇಲೆ 1485ರ ಸುಮಾರಿಗೆ ಸವಾಯ್ ಪ್ರಾಂತದ ಡ್ಯೂಕ್ ಅದನ್ನು ಪೂರ್ತಿ ಮಾಡಿಸಿದ. ಪೂರ್ತಿ ಮಾಡಿದವನು ಬೂರ್ಜ್ ಊರಿನ ಜಾಂ ಕೊಲೊಂಬ್. ಸೆಪ್ಟೆಂಬರಿನ ಕೆಳಭಾಗ, ನವೆಂಬರ್ ಪುಟ ಅವನವು.

ನವೆಂಬರ್ ಎಂದರೆ ಓಕ್ ಮರದ ಕಾಯಿ ಉದುರುವ ಕಾಲ. ಒಬ್ಬ ಮರಕ್ಕೆ ಕೋಲು ಬೀಸುತ್ತಿದ್ದಾನೆ, ಉದುರಿದ್ದನ್ನು ಹಂದಿಗಳು ಮೇಯುತ್ತಿವೆ. ಚಳಿಗಾಲಕ್ಕೆ ಮುಂಚೆ ಹಂದಿ ಕೊಬ್ಬಿಸುವ ಕ್ರಮ ಇದು. ಹಾಗೆ ಕಾಡಿಗೆ ಹಂದಿ ಬಿಡಲು ಕಾಡಿನ ಒಡೆಯನಿಗೆ ಸಾಮಾನ್ಯವಾಗಿ ಶುಲ್ಕ ಕೊಡಬೇಕಿತ್ತು. ಮುಂದಿನದು ಡಿಸೆಂಬರ್. ಅಲ್ಲೂ ಹಂದಿಯೇ, ಆದರೆ ಕಾಡುಹಂದಿ. ನಾಯಿಗಳು ಮುತ್ತಿ ಹರಿಯುತ್ತಿವೆ, ಬೇಟೆಗಾರ ಕೊಂಬು ಊದುತ್ತಿದ್ದಾನೆ. ಹಿಂದೆ ಕಾಣುವ ಗೋಪುರಗಳು ವ್ಯಾನ್ಸೆನ್ ಕೋಟೆಯವು. ಡ್ಯೂಕ್ ಹುಟ್ಟಿದ್ದು ಅಲ್ಲೇ. ಕಾಡು ಒಂದೇ ರೀತಿ. ಒಬ್ಬನಿಗೆ ಮೇವಿನ ಜಾಗ, ಇನ್ನೊಬ್ಬನಿಗೆ ಆಟದ ಜಾಗ.

ಲೆಕ್ಕ ಹಾಕಿ ನೋಡಿ. ಜನವರಿ, ಏಪ್ರಿಲ್, ಮೇ, ಆಗಸ್ಟಿನ ಮುಂಭಾಗ, ಡಿಸೆಂಬರ್ ಧಣಿಗಳ ಮೋಜಿಗೆ. ಉಳಿದದ್ದು ಒಕ್ಕಲುತನಕ್ಕೆ. ಆ ಹೊಲಗಳಲ್ಲಿ ಎಲ್ಲ ಅಚ್ಚುಕಟ್ಟು. ಬರ ಇಲ್ಲ, ರೋಗ ಇಲ್ಲ, ದಂಡು ಇಲ್ಲ, ಕಂದಾಯ ವಸೂಲಿಗೆ ಬಂದವನೂ ಇಲ್ಲ. ನಿಜವಾದ ಫ್ರಾನ್ಸ್ ಆಗ ಹೀಗಿರಲಿಲ್ಲ. ಇಂಗ್ಲೆಂಡಿನ ಜೊತೆ ನೂರು ವರ್ಷದ ಯುದ್ಧ ನಡೆದಿತ್ತು. 1415ರ ಅಕ್ಟೋಬರಿನಲ್ಲಿ ಅಜಿನ್‌ಕೋರ್ಟ್ ಬಯಲಿನಲ್ಲಿ ಫ್ರಾನ್ಸಿನ ದೊಡ್ಡ ಮನೆತನಗಳವರು ರಾಶಿ ರಾಶಿಯಾಗಿ ಸತ್ತರು. ಆ ಹೊತ್ತಿಗೆ ಈ ಪುಸ್ತಕದ ಕೆಲಸ ನಡೆಯುತ್ತಿತ್ತು. ಡ್ಯೂಕನ ತೆರಿಗೆ ಹೊರೆಯ ಬಗ್ಗೆ ಜನರಿಗೆ ಎಂಥಾ ಸಿಟ್ಟಿತ್ತು ಅಂದರೆ ದಕ್ಷಿಣದಲ್ಲಿ ಅವನ ಆಡಳಿತದ ಕಾಲಕ್ಕೆ ದಂಗೆಗಳೇ ಎದ್ದಿದ್ದವು. 1411ರಲ್ಲಿ, ಮರದ ಪುಸ್ತಕದ ತಮಾಷೆ ನಡೆದ ಅದೇ ವರ್ಷ, ಪ್ಯಾರಿಸಿನ ಜನ ಗುಂಪುಗೂಡಿ ಹೋಗಿ ಬಿಸೆತ್ರ್‌ನಲ್ಲಿದ್ದ ಅವನ ಕೋಟೆಯನ್ನು ಸುಟ್ಟುಹಾಕಿದರು. ಅದರ ಕೋಪ ಈ ಪುಟಗಳಿಗೆ ತಲುಪಿಲ್ಲ. ತಲುಪಲು ಬಿಟ್ಟಿಲ್ಲ ಅನ್ನಬೇಕು. ದುಡ್ಡು ಕೊಟ್ಟವನಿಗೆ ಬೇಕಿದ್ದದ್ದು ತನ್ನ ಕೋಟೆಗಳು, ಅವುಗಳ ಬುಡದಲ್ಲಿ ತಕರಾರಿಲ್ಲದೆ ದುಡಿಯುವ ಜನ.

ಹಾಗಂತ ಇದನ್ನು ಸುಳ್ಳು ಪುಸ್ತಕ ಅಂತ ಬದಿಗೆ ಸರಿಸಲು ನನಗೆ ಇಷ್ಟವಿಲ್ಲ. ಧಣಿ ಹೇಳಿದ್ದು 'ನನ್ನ ಜಮೀನು ಬರೆ' ಅಂತ. ಚಿತ್ರಕಾರರು ಜಮೀನಿನ ಜೊತೆಗೆ ಹಲುಬೆಯ ಕಲ್ಲನ್ನೂ, ಬಸುರಿಯ ಸೊಂಟನೋವನ್ನೂ, ಕಾಗೆಯ ಕಳ್ಳತನವನ್ನೂ ಬರೆದರು. ಆ ಕಾಲದ ರೈತ ತನ್ನ ಬಗ್ಗೆ ತಾನೇ ಏನೂ ಬರೆದಿಟ್ಟಿಲ್ಲ. ಅವನ ನೇಗಿಲಿಗೆ ಗಾಲಿ ಹೇಗೆ ಕೂತಿತ್ತು ಅಂತ ನೋಡಲು ಇವತ್ತು ಅವನ ಶೋಷಕನ ಪುಸ್ತಕಕ್ಕೇ ಹೋಗಬೇಕು. ಇದು ಸರಿಯೋ ತಪ್ಪೋ ಅಂತಲ್ಲ, ಇರುವುದೇ ಹೀಗೆ.

ಪುಸ್ತಕದ ಮುಂದಿನ ಪ್ರಯಾಣ ಚಿಕ್ಕದಾಗಿ ಹೇಳುತ್ತೇನೆ. ಕೈಯಿಂದ ಕೈಗೆ ದಾಟಿ ಅದು ಇಟಲಿಯ ಜಿನೋವಾ ಸೇರಿತ್ತು. 1855ರಲ್ಲಿ ಅದು ಇದ್ದದ್ದು ಅಲ್ಲಿನ ಹೆಣ್ಣುಮಕ್ಕಳ ಬೋರ್ಡಿಂಗ್ ಶಾಲೆಯೊಂದರಲ್ಲಿ! ಫ್ರಾನ್ಸಿನ ಓಮಾಲ್ ಡ್ಯೂಕ್ ಆಗ ದೇಶಭ್ರಷ್ಟನಾಗಿ ಇಂಗ್ಲೆಂಡಿನಲ್ಲಿದ್ದ. ಬ್ರಿಟಿಷ್ ಮ್ಯೂಸಿಯಂನ ಆಂಟೋನಿಯೊ ಪನಿಟ್ಸಿ ಅವನಿಗೆ ಸುಳಿವು ಕೊಟ್ಟ. ಓಮಾಲ್ ಹೋಗಿ ನೋಡಿದ, 1856ರಲ್ಲಿ ಕೊಂಡ. ಪುಸ್ತಕಕ್ಕೆ ಕೊಟ್ಟದ್ದು 18,000 ಫ್ರಾಂಕ್. ಆ ಹಳೇ ಪಟ್ಟಿಯ ಸಾಲು ಇದೇ ಪುಸ್ತಕದ್ದು ಅಂತ 1881ರಲ್ಲಿ ಗುರುತಿಸಿದವನು ಲಿಯೊಪೋಲ್ಡ್ ದೆಲೀಲ್ ಎಂಬ ಗ್ರಂಥಪಾಲಕ. ಓಮಾಲ್ ತನ್ನ ಶಾಂತಿಯಿ ಕೋಟೆಯನ್ನೂ ಅದರೊಳಗಿನ ಎಲ್ಲವನ್ನೂ ಫ್ರಾನ್ಸಿನ ವಿದ್ವತ್ ಸಂಸ್ಥೆಗೆ ದಾನ ಬರೆದ. ಅವನು ಹಾಕಿದ ಷರತ್ತುಗಳಲ್ಲಿ ಒಂದು: ಯಾವುದನ್ನೂ ಯಾರಿಗೂ ಎರವಲು ಕೊಡಬಾರದು. ಹಾಗಾಗಿ ಈ ಪುಸ್ತಕ ಬೇರೆ ಯಾವ ಊರಿಗೂ ಪ್ರದರ್ಶನಕ್ಕೆ ಹೋಗುವುದಿಲ್ಲ. 2025ರ ಜೂನ್‌ನಿಂದ ಅಕ್ಟೋಬರ್‌ವರೆಗೆ ಶಾಂತಿಯಿಯಲ್ಲೇ ಒಂದು ಪ್ರದರ್ಶನ ನಡೆಯಿತು. ದುರಸ್ತಿಗಾಗಿ ಹೊಲಿಗೆ ಬಿಚ್ಚಿದ್ದರಿಂದ ತಿಂಗಳ ಪುಟಗಳನ್ನು ಬಿಡಿಬಿಡಿಯಾಗಿ ಇಟ್ಟಿದ್ದರು. ಇಂಟರ್ನೆಟ್ಟಿನಲ್ಲಿ ಒಳ್ಳೆ ಗುಣಮಟ್ಟದ ಚಿತ್ರಗಳು ಸಿಗುತ್ತವೆ. ಫೋನಿನಲ್ಲಿ ನೋಡಬೇಡಿ, ದೊಡ್ಡ ಪರದೆಯಲ್ಲಿ ಹಿಗ್ಗಿಸಿ ನೋಡಿ.

ಕೊನೆಯಲ್ಲಿ ಸಭೆಯಿಂದ ಒಬ್ಬರು ಕೇಳಿದ ಪ್ರಶ್ನೆ: 'ಹಾಗಾದರೆ ಆ ಕಾಲದ ಹಳ್ಳಿಯವರು ಆಟ ಆಡುತ್ತಲೇ ಇರಲಿಲ್ವಾ ಸಾರ್?'

ಆಡುತ್ತಿದ್ದರು. ಈ ಪುಸ್ತಕಕ್ಕೆ ಅದು ಬೇಕಿರಲಿಲ್ಲ ಅಷ್ಟೇ. ನೂರು ವರ್ಷ ಮುಂದೆ ಬನ್ನಿ. 1540ರ ಸುಮಾರಿಗೆ ಬ್ರೂಜ್ ನಗರದಲ್ಲಿ ಸೈಮನ್ ಬೆನಿಂಗ್ ಎಂಬ ಚಿತ್ರಕಾರ ಇಂಥದ್ದೇ ಪ್ರಾರ್ಥನಾ ಪುಸ್ತಕ ಮಾಡಿದ. ಅದು ಈಗ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ. ಅದರ ಕ್ಯಾಲೆಂಡರ್ ಪುಟಗಳ ಅಡಿಯಲ್ಲಿ ಸಣ್ಣ ಪಟ್ಟಿಯಂಥ ಜಾಗ ಬಿಟ್ಟು ಆಟಗಳನ್ನು ಬರೆದಿದ್ದಾನೆ. ಸೆಪ್ಟೆಂಬರಿನ ಪುಟದಲ್ಲಿ ಕೋಲು ಹಿಡಿದು ಚೆಂಡನ್ನು ಕುಳಿಗೆ ಕಳಿಸುವ ಆಟ ಇದೆ. ಅದರಿಂದಾಗಿ ಆ ಇಡೀ ಪುಸ್ತಕಕ್ಕೆ 'ಗಾಲ್ಫ್ ಪುಸ್ತಕ' ಅಂತಲೇ ಹೆಸರು ಬಿದ್ದಿದೆ. ಆಟಕ್ಕೆ ಜಾಗ ಸಿಕ್ಕಿತು, ಅಂಚಿನಲ್ಲಿ.

ಅಂಚಿನಿಂದ ನಡುವಿಗೆ ತಂದವನು ಪೀಟರ್ ಬ್ರೂಗಲ್. 1565ರಲ್ಲಿ ಅವನು ಆಂಟ್‌ವರ್ಪ್ ನಗರದ ನಿಕೊಲಾಸ್ ಯಾಂಗೆಲಿಂಕ್ ಎಂಬ ವ್ಯಾಪಾರಿಗೆ ವರ್ಷದ ಕಾಲಗಳ ದೊಡ್ಡ ಚಿತ್ರಗಳನ್ನು ಮಾಡಿಕೊಟ್ಟ. ಗಮನಿಸಿ, ಈ ಸಲ ದುಡ್ಡು ಕೊಟ್ಟವನು ಡ್ಯೂಕ್ ಅಲ್ಲ. ಹೊಲದ ಮೇಲೆ ಕೋಟೆಯೂ ಇಲ್ಲ. ಕೊಯ್ಲಿನ ಚಿತ್ರದಲ್ಲಿ ಅರ್ಧ ಜನ ಮರದಡಿ ಕೂತು ಊಟ ಮಾಡುತ್ತಿದ್ದಾರೆ. ಒಬ್ಬ ಕಾಲು ಚಾಚಿ, ಬಾಯಿ ತೆರೆದು, ಗಡದ್ದಾಗಿ ನಿದ್ದೆ ಹೊಡೆಯುತ್ತಿದ್ದಾನೆ. ಚಳಿಗಾಲದ ಚಿತ್ರದಲ್ಲಿ ಬೇಟೆಗಾರರು ಬರಿಗೈಲಿ ಅನ್ನುವಷ್ಟು ಕಡಿಮೆ ಬೇಟೆ ಹೊತ್ತು, ತಲೆ ತಗ್ಗಿಸಿ ಬರುತ್ತಿದ್ದಾರೆ. ಕೆಳಗೆ ಹೆಪ್ಪುಗಟ್ಟಿದ ಕೆರೆಯ ಮೇಲೆ ಇಡೀ ಊರು ಜಾರಾಟ ಆಡುತ್ತಿದೆ. ಆರು ಚಿತ್ರಗಳಲ್ಲಿ ಐದು ಉಳಿದಿವೆ. ಮೂರು ವಿಯೆನ್ನಾದಲ್ಲಿ, ಒಂದು ಪ್ರಾಗ್‌ನಲ್ಲಿ. ಆ ನಿದ್ದೆ ಹೊಡೆಯುವವನು ಇರುವುದು ನ್ಯೂಯಾರ್ಕಿನಲ್ಲಿ. ಅಮೆರಿಕದಲ್ಲಿ ಮಕ್ಕಳಿರುವವರು ಮುಂದಿನ ಸಲ ಹೋದಾಗ ಮೆಟ್ರೊಪಾಲಿಟನ್ ಮ್ಯೂಸಿಯಂಗೆ ಕರೆದುಕೊಂಡು ಹೋಗಲು ಹೇಳಿ.